ಬ್ರಿಟಿಷರ ಕಾಲದ ಸರ್ಕಾರಿ ಪತ್ರ, ಖಾಸಗಿ ಪತ್ರ: ಎರಡನ್ನೂ ಜೋಡಿಸಿ ಓದುವ ಬಗೆ

1863ರ ಜುಲೈನಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೋರಿಕೆಯನ್ನು ತಳ್ಳಿಹಾಕಿತು. 1831ರಲ್ಲಿ ಕೈತಪ್ಪಿದ ಆಡಳಿತ ಮರಳಿ ಸಿಗುವುದಿಲ್ಲ ಎಂಬುದು ಆ ಪತ್ರದ ತಾತ್ಪರ್ಯ. ನಾಲ್ಕು ವರ್ಷ ತುಂಬುವ ಮೊದಲೇ, 1867ರ ಏಪ್ರಿಲ್ 16ರಂದು, ಅದೇ ಕಚೇರಿಯಿಂದ ಹೊರಟ ಡಿಸ್ಪ್ಯಾಚು (ಸರ್ಕಾರಿ ಆದೇಶ ಪತ್ರ) ರಾಜ್ಯವನ್ನು ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸುವ ದಾರಿ ತೆರೆಯಿತು. ಈ ಎರಡು ಸರ್ಕಾರಿ ಪತ್ರಗಳನ್ನಷ್ಟೇ ಓದಿದವರಿಗೆ, ಮೈಸೂರಿನ ಜೊತೆಗಿನ ಒಪ್ಪಂದದ ಅರ್ಥವನ್ನು ಯಾರೋ ಮತ್ತೊಮ್ಮೆ ಸಮಾಧಾನದಿಂದ ವಿಚಾರ ಮಾಡಿದರು ಎನಿಸುತ್ತದೆ. ನಡುವೆ ಮಂತ್ರಿಗಳು ಬದಲಾದದ್ದು, ಮಹಾರಾಜರ ಪರವಾಗಿ ಲಂಡನ್ನಿನಲ್ಲಿ ಓಡಾಟ ನಡೆದದ್ದು, ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಲಾರೆನ್ಸ್ ಇದಕ್ಕೆ ಒಪ್ಪದೆ ಇದ್ದದ್ದು, ಇವೆಲ್ಲ ಬೇರೆ ಕಾಗದಗಳಲ್ಲಿವೆ. ಅವನ್ನು ಹುಡುಕುವುದು, ಓದುವುದು, ಒಂದರ ಪಕ್ಕ ಒಂದಿಟ್ಟು ನೋಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದೆ. ಊರು, ತಾಲ್ಲೂಕು, ಮಠ, ಮನೆತನ, ಕೆರೆ, ದಂಗೆ, ಯಾವುದರ ಚರಿತ್ರೆ ಹುಡುಕುವವರಿಗೂ ಇದೇ ಕ್ರಮ ಸಾಕಾಗುತ್ತದೆ.

ಹಂತ 1: ಕೈಯಲ್ಲಿರುವುದು ಯಾವ ಜಾತಿಯ ಕಾಗದ?

ಕಾಗದದ ಜಾತಿ ಗೊತ್ತಾಗದೆ ಒಳಗಿನ ಮಾತನ್ನು ನಂಬಬೇಡಿ. ಮೊದಲು ಆರಂಭ ಮತ್ತು ಮುಕ್ತಾಯದ ಸಾಲು ನೋಡಿ. "ಸರ್" ಎಂದು ಶುರುವಾಗಿ "ಐ ಹ್ಯಾವ್ ದಿ ಆನರ್ ಟು ಬಿ" ಎಂದು ಮುಗಿದು, ಕೆಳಗೆ "ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್" ಎಂದಿದ್ದರೆ ಅದು ಸರ್ಕಾರಿ ಪತ್ರ. ಮೇಲೆ ಸಂಖ್ಯೆ, ಊರು, ತಾರೀಖು ಇರುತ್ತವೆ. ಪ್ಯಾರಾಗಳಿಗೂ ಸಂಖ್ಯೆ ಇರುತ್ತದೆ. ಈ ಪ್ಯಾರಾ ಸಂಖ್ಯೆ ಅಲಂಕಾರಕ್ಕಲ್ಲ. ಉತ್ತರ ಬರೆಯುವವನು "ನಿಮ್ಮ 12ನೇ ಪ್ಯಾರಾಕ್ಕೆ" ಎಂದೇ ಉತ್ತರಿಸುತ್ತಿದ್ದ, ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಪುಟದ ಜೊತೆ ಪ್ಯಾರಾ ಸಂಖ್ಯೆಯನ್ನೂ ಬರೆದುಕೊಳ್ಳಲೇಬೇಕು.

"ಮೈ ಡಿಯರ್" ಎಂದು ಶುರುವಾಗಿ "ಯುವರ್ಸ್ ಸಿನ್ಸಿಯರ್ಲಿ" ಎಂದು ಮುಗಿದರೆ ಅದು ಅರೆ ಸರ್ಕಾರಿ ಪತ್ರವೂ ಆಗಿರಬಹುದು, ಖಾಸಗಿ ಪತ್ರವೂ ಆಗಿರಬಹುದು. ವ್ಯತ್ಯಾಸ ಇರುವುದು ಕಾಗದ ಕೊನೆಗೆ ಎಲ್ಲಿ ಹೋಗಿ ಸೇರಿತು ಎಂಬುದರಲ್ಲಿ. ನಮ್ಮ ಕಚೇರಿಗಳಲ್ಲಿ ಇಂದಿಗೂ ನಡೆಯುವ ಡಿ.ಒ. ಪತ್ರದ ಮೂಲ ಇದೇ: ಕಲೆಕ್ಟರು ಕಾರ್ಯದರ್ಶಿಗೆ ಸಲುಗೆಯ ಧಾಟಿಯಲ್ಲಿ ಕಚೇರಿ ಕೆಲಸದ ಮಾತನ್ನೇ ಬರೆಯುತ್ತಾನೆ, ಬೇಕೆನಿಸಿದರೆ ಅದು ಕಡತಕ್ಕೆ ಸೇರುತ್ತದೆ. ಖಾಸಗಿ ಪತ್ರ ಕಡತಕ್ಕೆ ಬರುವುದೇ ಇಲ್ಲ. ಅದು ಪತ್ರ ಪಡೆದವನ ಪೆಟ್ಟಿಗೆಯಲ್ಲಿ ಉಳಿದು, ಅವನ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತದೆ.

ಮೂರನೆಯದು ಟಿಪ್ಪಣಿ. ಕಡತದ ಒಂದು ಭಾಗದಲ್ಲಿ ಬಂದ ಮತ್ತು ಹೋದ ಪತ್ರಗಳು, ಇನ್ನೊಂದರಲ್ಲಿ ಗುಮಾಸ್ತೆಯಿಂದ ಹಿಡಿದು ಕೌನ್ಸಿಲ್ ಸದಸ್ಯನವರೆಗೆ ಒಬ್ಬೊಬ್ಬರೂ ಬರೆದ ಷರಾ. ಇದನ್ನು "ಕೀಪ್ ವಿತ್" ಎಂದು, ಚಿಕ್ಕದಾಗಿ ಕೆ.ಡಬ್ಲ್ಯೂ. ಎಂದು ಕರೆಯುತ್ತಿದ್ದರು. ಅಧಿಕಾರಿಗಳ ಒಳಜಗಳ ಗೊತ್ತಾಗುವುದು ಇಲ್ಲಿಯೇ. ಹೊರಗೆ ಹೋದ ಪತ್ರ ಒಂದೇ ದನಿಯಲ್ಲಿ ಮಾತಾಡುತ್ತದೆ, ಅದರ ಹಿಂದಿನ ಷರಾಗಳು ಐದು ದನಿಯಲ್ಲಿ ಮಾತಾಡುತ್ತವೆ.

ದೇಶೀ ಸಂಸ್ಥಾನಗಳ ವಿಷಯದಲ್ಲಿ ನಾಲ್ಕನೆಯದೊಂದಿದೆ: ಖರೀತಾ. ರಾಜರು ಮತ್ತು ಗವರ್ನರ್ ಜನರಲ್ ಪರಸ್ಪರ ಬರೆದ, ಕಸೂತಿ ಚೀಲದಲ್ಲಿಟ್ಟು ಮೊಹರು ಹಾಕಿ ರೆಸಿಡೆಂಟ್ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ) ಅಥವಾ ಕಮಿಷನರ್ ಮೂಲಕ ಕಳಿಸಿದ ಪತ್ರ. ಕೃಷ್ಣರಾಜ ಒಡೆಯರು 1861ರಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್‌ಗೆ ತಮ್ಮ ಹಕ್ಕನ್ನು ಮಂಡಿಸಿದ್ದು ಖರೀತಾದಲ್ಲೇ. ಅದನ್ನು ಮುಂದಕ್ಕೆ ಕಳಿಸಿದ ಅಧಿಕಾರಿಯ ಹೊದಿಕೆ ಪತ್ರ (ಕವರಿಂಗ್ ಲೆಟರ್) ಬೇರೆ ಇರುತ್ತದೆ, ಅದನ್ನು ಬಿಡಬಾರದು. ಖರೀತಾದ ಭಾಷೆ ಎಷ್ಟೇ ಗೌರವದ್ದಾಗಿರಲಿ, ಹೊದಿಕೆ ಪತ್ರ ಅದನ್ನು ಎರಡು ಸಾಲಿನಲ್ಲಿ ಕಡೆಗಣಿಸಿರಬಹುದು.

ಇಲ್ಲೊಂದು ಎಚ್ಚರ. ಖಾಸಗಿ ಪತ್ರ ಸಿಕ್ಕ ಕೂಡಲೇ "ಇದೇ ನಿಜ" ಎಂದು ಹಿಡಿದುಕೊಳ್ಳುವ ಚಟ ಹಳಬರಿಗೂ ಇದೆ. ಸರ್ಕಾರಿ ಪತ್ರ ಬರೆಯುವವನ ಮನಸ್ಸಿನಲ್ಲಿ ಮೇಲಧಿಕಾರಿ, ಪಾರ್ಲಿಮೆಂಟು, ಮುಂದೆಂದೋ ಬರುವ ವಿಚಾರಣೆ ಇರುತ್ತವೆ. ಖಾಸಗಿ ಪತ್ರ ಬರೆಯುವವನಿಗೆ ಎದುರಿಗಿರುವವನಿಂದ ಏನೋ ಆಗಬೇಕಿರುತ್ತದೆ: ಬೆಂಬಲ, ವರ್ಗಾವಣೆ, ಸ್ನೇಹ. ಥಾಮಸ್ ಮನ್ರೋ ಒಳ್ಳೆಯ ಉದಾಹರಣೆ. ಕೆನರಾದ ಕಲೆಕ್ಟರಾಗಿ 1800ರ ಮೇ 31ರಂದು ಕಂದಾಯ ಮಂಡಳಿಗೆ ಕಳಿಸಿದ ವರದಿಯಲ್ಲಿ ಅಲ್ಲಿನ ಭೂ ಒಡೆತನ ಎಷ್ಟು ಹಳೆಯದು, ಎಷ್ಟು ಗಟ್ಟಿಯಾದದ್ದು ಎಂದು ಅವರು ತಾಳ್ಮೆಯಿಂದ ವಿವರಿಸುತ್ತಾರೆ. ಅದೇ ಕಾಲದ ಖಾಸಗಿ ಪತ್ರಗಳಲ್ಲಿ ಮಳೆ, ದಾರಿ, ಜಗಳಗಂಟ ರೈತರು ಎಂದು ಬೇಸತ್ತು, ಅಲ್ಲಿಂದ ಬಿಡುಗಡೆ ಕೇಳುತ್ತಾರೆ. ವರದಿ ಸುಳ್ಳಲ್ಲ, ಬೇಸರವೂ ಸುಳ್ಳಲ್ಲ. ಆದರೆ ವರ್ಗಾವಣೆ ಬೇಕಾದವನು ಊರಿನ ಕಷ್ಟವನ್ನು ಎಷ್ಟು ದೊಡ್ಡದು ಮಾಡಿ ಹೇಳಿದ್ದಾನೆ ಎಂದು ಕೇಳಿಕೊಳ್ಳದೆ ಆ ಪತ್ರಗಳನ್ನು ಬಳಸಬಾರದು.

ಹಂತ 2: ಆ ವರ್ಷ ಆ ಊರು ಯಾರ ಕೈಯಲ್ಲಿತ್ತು?

ಹೆಚ್ಚಿನವರ ಸಮಯ ಹಾಳಾಗುವುದು ಇಲ್ಲಿ. ಕಾಗದ ಇರುವುದು ಇಂದಿನ ಜಿಲ್ಲೆಯ ಹೆಸರಿನಲ್ಲಲ್ಲ, ಅಂದಿನ ಮೇಲಧಿಕಾರಿಯ ದಫ್ತರದಲ್ಲಿ.

ಮೈಸೂರು: 1799ರಿಂದ 1832ರವರೆಗೆ ರೆಸಿಡೆಂಟ್ ಉತ್ತರ ಕೊಡಬೇಕಿದ್ದದ್ದು ಮದ್ರಾಸ್ ಸರ್ಕಾರಕ್ಕೆ. ಆದ್ದರಿಂದ 1830–31ರ ನಗರ (ಬಿದನೂರು) ಸೀಮೆಯ ದಂಗೆಯ ಕಾಗದ ಬೇಕಾದವರು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವನ್ನು ನೋಡಲೇಬೇಕು. 1832ರಲ್ಲಿ ಮೈಸೂರು ನೇರವಾಗಿ ಕಲ್ಕತ್ತೆಯ ಅಧೀನಕ್ಕೆ ಬಂತು. ಅಲ್ಲಿಂದ ಮುಂದಿನದು, ಅಂದರೆ 1834ರಿಂದ 1861ರವರೆಗಿನ ಕಮಿಷನರ್ ಕಬ್ಬನ್ ಅವರ ಕಾಲವೂ ಆಮೇಲಿನ ಬೌರಿಂಗ್ ಅವರ ಕಾಲವೂ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಫಾರಿನ್ ಡಿಪಾರ್ಟ್‌ಮೆಂಟ್ ಕಾಗದಗಳಲ್ಲಿದೆ. 1881ರ ಮಾರ್ಚ್ 25ರಂದು ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸಿದ ನಂತರ ದಿವಾನರ ಸರ್ಕಾರದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ರೆಸಿಡೆಂಟರ ಕಡತಗಳಿಗೆ ಮತ್ತೆ ದೆಹಲಿ, ಜೊತೆಗೆ ಲಂಡನ್.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು. ಅದಕ್ಕೆ ಮುಂಚಿನದು ಚೆನ್ನೈಯಲ್ಲಿ, ಆಮೇಲಿನದು ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗೆ ಚೆನ್ನೈ. ಧಾರವಾಡ ಸೀಮೆಗೆ ಮುಂಬಯಿ ಮಾತ್ರ ಸಾಲದು: 1818ರ ನಂತರದ ಮೊದಲ ವರ್ಷಗಳಲ್ಲಿ ಅಲ್ಲಿನ ಅಧಿಕಾರಿ ಬರೆಯುತ್ತಿದ್ದದ್ದು ಪುಣೆಯಲ್ಲಿದ್ದ ದಖನ್ ಕಮಿಷನರಿಗೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪತ್ರಗಳನ್ನು ಮುಂಬಯಿಯಲ್ಲಿ ಮಾತ್ರ ಹುಡುಕಿದರೆ ಅರ್ಧ ಕತೆ ಕೈತಪ್ಪುತ್ತದೆ, ಪುಣೆ ಪತ್ರಾಗಾರವನ್ನೂ ನೋಡಬೇಕು. ಕೊಡಗಿಗೆ 1834ರಿಂದ ಕಮಿಷನರೂ 1881ರ ನಂತರ ರೆಸಿಡೆಂಟರೂ ಮೈಸೂರಿನವರೇ, ಹಾಗಾಗಿ ಕೊಡಗಿನ ಕಾಗದ ಮೈಸೂರಿನ ಕಾಗದದ ಜೊತೆ ಓಡಾಡುತ್ತದೆ. ಬೀದರ, ಕಲಬುರಗಿ ನಿಜಾಮರವು. ರಾಯಚೂರು ದೋಆಬ್ ಮಾತ್ರ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿತ್ತು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಗುರುತಿಟ್ಟುಕೊಳ್ಳಬೇಕಾದ ಸರಣಿಗಳು ಐದು: ಇ/4 (1858ರವರೆಗೆ ಕಂಪನಿಗೆ ಬಂದ ಮತ್ತು ಕಂಪನಿಯಿಂದ ಹೋದ ಪತ್ರಗಳು), ಎಫ್/4 (1796ರಿಂದ 1858ರವರೆಗೆ ಒಂದೊಂದು ವಿಷಯಕ್ಕೂ ಜೋಡಿಸಿಟ್ಟ ಕಾಗದಗಳ ಕಂತೆ), ಪಿ (ಪ್ರೊಸೀಡಿಂಗ್ಸ್, ಅಂದರೆ ಸರ್ಕಾರದ ನಡಾವಳಿಗಳು), ಎಲ್/ಪಿಎಸ್ (ರಾಜಕೀಯ ಮತ್ತು ಗುಪ್ತ ಇಲಾಖೆ), ಆರ್/2 (ಸಂಸ್ಥಾನಗಳ ರೆಸಿಡೆನ್ಸಿ ಕಡತಗಳು). ಇವುಗಳಲ್ಲಿ ಎಫ್/4 ಊರಿನ ಚರಿತ್ರೆ ಬರೆಯುವವರಿಗೆ ನಿಧಿ. ಒಂದು ತಕರಾರು ಲಂಡನ್‌ವರೆಗೆ ಹೋಗಿದ್ದರೆ, ಅಮಲ್ದಾರನ ಹೇಳಿಕೆಯ ಅನುವಾದದಿಂದ ಹಿಡಿದು ಕೌನ್ಸಿಲಿನ ತೀರ್ಮಾನದವರೆಗಿನ ನಕಲುಗಳು ಒಂದೇ ಕಡೆ ಸಿಗುತ್ತವೆ.

ಹಂತ 3: ದಫ್ತರದೊಳಗೆ ದಾರಿ

ಸುಮಾರು 1860ಕ್ಕಿಂತ ಹಿಂದಿನ ಕಾಗದಗಳು "ಕನ್ಸಲ್ಟೇಷನ್" ತಾರೀಖಿನಡಿ ಇವೆ. ಕೌನ್ಸಿಲ್ ಸೇರಿದ ದಿನ ಅದು, ಪತ್ರ ಬರೆದ ದಿನವಲ್ಲ. ಮೇ ತಿಂಗಳಲ್ಲಿ ಬರೆದ ಪತ್ರ ಜುಲೈ ಸಂಪುಟದಲ್ಲಿ ಕೂತಿರುವುದು ಸಾಮಾನ್ಯ, ಆದ್ದರಿಂದ ಬರೆದ ದಿನದಿಂದ ಮೂರು ನಾಲ್ಕು ತಿಂಗಳು ಮುಂದಕ್ಕೆ ಹುಡುಕಿ. ಆಮೇಲೆ ತಿಂಗಳ ಲೆಕ್ಕದ ಪ್ರೊಸೀಡಿಂಗ್ಸ್ ಬರುತ್ತವೆ: ಮುಖ್ಯವಾದವು "ಎ", ದಿನಬಳಕೆಯವು "ಬಿ". "ಬಿ" ಎಂದು ಅಸಡ್ಡೆ ಮಾಡಬೇಡಿ. ಸರ್ಕಾರಕ್ಕೆ ಅಮುಖ್ಯವಾದ ಒಂದು ಕೆರೆಯ ದುರಸ್ತಿ ನಿಮ್ಮ ಊರಿಗೆ ಅಮುಖ್ಯವಲ್ಲ.

ಒಂದು ವಿಷಯ ಮನಸ್ಸಿನಲ್ಲಿರಲಿ. ಲಂಡನ್ನಿಗೆ ಹೋದ ಪ್ರೊಸೀಡಿಂಗ್ಸ್ ಪ್ರತಿಗಳಲ್ಲಿ ಷರಾಗಳು ಇರುವುದಿಲ್ಲ, ಕೆ.ಡಬ್ಲ್ಯೂ. ಇರುವುದು ದೆಹಲಿಯಲ್ಲಿ. ಲಂಡನ್ ಪ್ರತಿಯನ್ನಷ್ಟೇ ಓದಿ "ಎಲ್ಲರೂ ಒಪ್ಪಿದರು" ಎಂದು ಬರೆದವರು ಎಡವಿದ್ದಾರೆ.

ಕ್ರಮ ಹೀಗಿರಲಿ. ಮೊದಲು ಆ ವರ್ಷದ ಸೂಚಿ. ರಾಷ್ಟ್ರೀಯ ಪತ್ರಾಗಾರದ್ದಾದರೆ ಮನೆಯಲ್ಲೇ ಕೂತು ಅಭಿಲೇಖ ಪಟಲ ಜಾಲತಾಣದಲ್ಲಿ ಹುಡುಕಿ. ಹುಡುಕುವಾಗ ಅಂದಿನ ಕಾಗುಣಿತವನ್ನೇ ಕೊಡಬೇಕು: ಚಿತ್ರದುರ್ಗಕ್ಕೆ "ಚಿಟಲ್‌ಡ್ರೂಗ್", ನಗರಕ್ಕೆ "ನಗ್ಗರ್", ಮಡಿಕೇರಿಗೆ "ಮರ್ಕಾರಾ", ಹೊನ್ನಾವರಕ್ಕೆ "ಓನೋರ್", ಬಸ್ರೂರಿಗೆ "ಬಾರ್ಸಿಲೋರ್", ಪಾಂಡವಪುರಕ್ಕೆ "ಫ್ರೆಂಚ್ ರಾಕ್ಸ್", ರಾಮನಗರಕ್ಕೆ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನ "ಕ್ಲೋಸ್‌ಪೇಟ್". ಒಂದೇ ಹೆಸರನ್ನು ಮೂರು ನಾಲ್ಕು ರೂಪದಲ್ಲಿ ಕೊಟ್ಟು ನೋಡಿ. ಸಿಕ್ಕ ಇಲಾಖೆ, ಶಾಖೆ, ತಿಂಗಳು, ವರ್ಷ, ಕ್ರಮಾಂಕಗಳನ್ನು ಬೇಡಿಕೆ ಚೀಟಿಗೆ ಇದ್ದಂತೆಯೇ ಇಳಿಸಿ. ಚೀಟಿ "ಎನ್.ಟಿ." ಎಂದು ವಾಪಸು ಬಂದರೆ ಆ ಕಡತ ಪತ್ರಾಗಾರಕ್ಕೆ ವರ್ಗಾವಣೆಯೇ ಆಗಿಲ್ಲ ಎಂದರ್ಥ. ಆಗ ಅದೇ ಪತ್ರದ ನಕಲು ಕೆಳಗಿನ ಅಥವಾ ಮೇಲಿನ ಕಚೇರಿಯಲ್ಲಿರುತ್ತದೆ ಎಂದು ಲೆಕ್ಕ ಹಾಕಿ. ಕಲೆಕ್ಟರ ಪತ್ರವೊಂದು ಜಿಲ್ಲಾ ಕಚೇರಿಯ ನಕಲು ಪುಸ್ತಕದಲ್ಲಿ, ಕಂದಾಯ ಮಂಡಳಿಯಲ್ಲಿ, ಸರ್ಕಾರದಲ್ಲಿ, ಕೆಲವೊಮ್ಮೆ ಲಂಡನ್ನಿನಲ್ಲಿ, ಹೀಗೆ ನಾಲ್ಕು ಕಡೆ ಇರುವ ಸಾಧ್ಯತೆ ಇದೆ.

ಹಂತ 4: ಒಂದು ಪತ್ರವನ್ನು ಓದುವುದು

ಶುರು ಮಾಡಬೇಕಾದದ್ದು ಹಿಂಬದಿಯಿಂದ. ಪತ್ರವನ್ನು ಉದ್ದಕ್ಕೆ ಮಡಿಸಿ ಬೆನ್ನಿನ ಮೇಲೆ ಕಚೇರಿಯವರು ಯಾರಿಂದ, ಯಾವ ಸಂಖ್ಯೆ, ಯಾವಾಗ ತಲುಪಿತು, ಏನು ಸಾರಾಂಶ ಎಂದು ಬರೆದಿರುತ್ತಾರೆ. ತಲುಪಿದ ತಾರೀಖು ಬರೆದ ತಾರೀಖಿನಷ್ಟೇ ಮುಖ್ಯ. ಆಮೇಲೆ ಅಂಚು: ಪಕ್ಕದಲ್ಲಿ ಸಣ್ಣಗೆ ಬರೆದ ಸಂಖ್ಯೆಗಳು ಹಿಂದಿನ ಪತ್ರಗಳಿಗೆ ಕೈಮರ. ಅವನ್ನು ಹಿಡಿದು ಹಿಂದಕ್ಕೆ ಹೋದರೆ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೈಬರಹದ ತೊಡಕುಗಳು ಕೆಲವೇ, ಆದರೆ ಮತ್ತೆ ಮತ್ತೆ ಬರುತ್ತವೆ. 19ನೇ ಶತಮಾನದ ಆರಂಭದವರೆಗೂ ಜೋಡಿ ಎಸ್ ಅಕ್ಷರಗಳಲ್ಲಿ ಮೊದಲನೆಯದು ಎಫ್‌ನಂತೆ ಉದ್ದವಾಗಿರುತ್ತದೆ. 7ರ ಮುಂದೆ "ಬರ್" ಎಂಬ ಬಾಲವಿದ್ದರೆ ಅದು ಏಳನೇ ತಿಂಗಳಲ್ಲ, ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಅಥವಾ ಎಕ್ಸ್ ಡಿಸೆಂಬರ್. "ಇನ್‌ಸ್ಟಂಟ್" ಎಂದರೆ ಈ ತಿಂಗಳು, "ಅಲ್ಟಿಮೊ" ಹಿಂದಿನ ತಿಂಗಳು, "ಪ್ರಾಕ್ಸಿಮೊ" ಮುಂದಿನದು. ಜನವರಿ 4ರ ಪತ್ರದಲ್ಲಿ "28 ಅಲ್ಟಿಮೊ" ಎಂದಿದ್ದರೆ ಅದು ಹಿಂದಿನ ವರ್ಷದ ಡಿಸೆಂಬರ್ 28. ವರ್ಷ ತಪ್ಪಾಗಿ ದಾಖಲಾಗುವುದು ಹೆಚ್ಚಾಗಿ ಇಲ್ಲಿ.

ಮದ್ರಾಸ್ ಕಡೆಯ ಕಂದಾಯ ಪತ್ರಗಳಲ್ಲಿ ಫಸಲಿ ವರ್ಷ ಬರುತ್ತದೆ. ಫಸಲಿಗೆ 590 ಕೂಡಿಸಿದರೆ ಅದು ಶುರುವಾಗುವ ಇಂಗ್ಲಿಷ್ ವರ್ಷ: ಫಸಲಿ 1209 ಎಂದರೆ 1799ರ ಜುಲೈನಿಂದ 1800ರ ಜುಲೈವರೆಗೆ, ಮನ್ರೋ ಅವರ ಮೊದಲ ಕೆನರಾ ಜಮಾಬಂದಿಯ ವರ್ಷ.

ಹಣದ ಲೆಕ್ಕದಲ್ಲಿ ಇನ್ನೂ ಜೋಪಾನ. ವರಹವೆಲ್ಲ ಒಂದೇ ಅಲ್ಲ. ಸ್ಟಾರ್ ಪಗೋಡ (ಮದ್ರಾಸಿನ ವರಹ) 3.5 ರೂಪಾಯಿ, ಮೈಸೂರು ಕೊಡಬೇಕಿದ್ದ 7 ಲಕ್ಷ ಸ್ಟಾರ್ ಪಗೋಡ ಪೊಗದಿ ಮುಂದೆ 24.5 ಲಕ್ಷ ರೂಪಾಯಿ ಎಂದು ಕಾಣುವುದು ಈ ಲೆಕ್ಕದಿಂದ. ಕಂಠೀರಾಯಿ ವರಹ 3 ರೂಪಾಯಿಗೂ ಕಡಿಮೆ, ಬಹಾದ್ದೂರಿ ವರಹ ಸುಮಾರು 4. ಯಾವ ವರಹ ಎಂದು ಪತ್ರದಲ್ಲಿ ಕಾಣದಿದ್ದರೆ ರೂಪಾಯಿಗೆ ಇಳಿಸಬೇಡಿ, ವರಹವೆಂದೇ ಬಿಡಿ.

ಸಹಿ ನೋಡಿ ಅಭಿಪ್ರಾಯ ಯಾರದೆಂದು ತೀರ್ಮಾನಿಸಬಾರದು. ಮುಖ್ಯ ಕಾರ್ಯದರ್ಶಿ ಸಹಿ ಮಾಡಿದ್ದು ಕೌನ್ಸಿಲಿನ ಆದೇಶಕ್ಕೆ. ಕಂಪನಿಯ ಕಾಲದ ಲಂಡನ್ ಪತ್ರಗಳಲ್ಲಿ ಇದು ಇನ್ನೂ ಜಟಿಲ. 1784ರ ಕಾಯಿದೆಯ ನಂತರ ಕಂಪನಿಯ ನಿರ್ದೇಶಕರ ಕಚೇರಿಯಲ್ಲಿ ಸಿದ್ಧವಾದ ಕರಡು, ಕಂಪನಿಯ ಮೇಲೆ ಬ್ರಿಟಿಷ್ ಸರ್ಕಾರ ಇಟ್ಟಿದ್ದ ಬೋರ್ಡ್ ಆಫ್ ಕಂಟ್ರೋಲಿನ ತಿದ್ದುಪಡಿ ದಾಟಿ ಬರಬೇಕಿತ್ತು. ಸಂಸ್ಥಾನಗಳಿಗೆ ಸಂಬಂಧಪಟ್ಟ ರಾಜಕೀಯ ಕರಡುಗಳನ್ನು 1830ರ ದಶಕದಿಂದ 1856ರವರೆಗೆ ಹೆಚ್ಚಾಗಿ ಬರೆಯುತ್ತಿದ್ದವರು ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಬರೆದವರು ಒಬ್ಬರು, ತಿದ್ದಿದವರು ಇನ್ನೊಬ್ಬರು, ಸಹಿ ನಿರ್ದೇಶಕರದು. ಕರಡು ಸಿಕ್ಕರೆ ಅದನ್ನು ಅಂತಿಮ ಪತ್ರದ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಹೊಡೆದುಹಾಕಿದ ಸಾಲು ಉಳಿದ ಸಾಲಿಗಿಂತ ಹೆಚ್ಚು ಹೇಳುವುದುಂಟು.

ಹಂತ 5: ಖಾಸಗಿ ಪತ್ರ ಎಲ್ಲಿದೆ?

1858ರ ಕಾಯಿದೆ ಭಾರತ ಮಂತ್ರಿಗೆ (ಇಂಡಿಯಾ ಆಫೀಸಿನ ಮುಖ್ಯಸ್ಥನಾದ ಬ್ರಿಟಿಷ್ ಮಂತ್ರಿ) ಒಂದು ಕೌನ್ಸಿಲನ್ನು ಕಟ್ಟಿಹಾಕಿತು. ತುರ್ತು ಮತ್ತು ಗುಪ್ತ ವಿಷಯಗಳ ಹೊರತು ಆದೇಶಗಳು ಅದರ ಮುಂದೆ ಬರಬೇಕು, ಒಪ್ಪದ ಸದಸ್ಯರು ಭಿನ್ನಮತ ದಾಖಲಿಸಬಹುದು. ವೈಸ್‌ರಾಯ್‌ಗೂ ಕಲ್ಕತ್ತೆಯಲ್ಲಿ ಅಂಥದೇ ಕೌನ್ಸಿಲ್ ಇತ್ತು. ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಮಾತಾಡಲು ಉಳಿದ ದಾರಿ ಟಪಾಲು ಹೊರಡುವಾಗಲೆಲ್ಲ ಬರೆದ ಖಾಸಗಿ ಪತ್ರ. ಡಿಸ್ಪ್ಯಾಚು ಬರುವ ಮೊದಲೇ ಅದರಲ್ಲಿ ಏನಿರಬೇಕೆಂದು ಇಬ್ಬರೂ ಹೀಗೆ ಮಾತಾಡಿ ಮುಗಿಸಿರುತ್ತಿದ್ದರು. ಅಧಿಕಾರ ಮುಗಿದಾಗ ಈ ಪತ್ರಗಳನ್ನು ಜೊತೆಗೆ ಕೊಂಡೊಯ್ದದ್ದರಿಂದ ಸರ್ಕಾರದ ದಫ್ತರದಲ್ಲಿ ಅವು ಸಿಗುವುದಿಲ್ಲ.

ಅವು ಹೆಚ್ಚಾಗಿ ಇರುವುದು ಬ್ರಿಟಿಷ್ ಲೈಬ್ರರಿಯ "ಎಂಎಸ್‌ಎಸ್ ಯುರ್" (ಯುರೋಪಿಯನ್ ಹಸ್ತಪ್ರತಿಗಳು) ಸಂಗ್ರಹದಲ್ಲಿ: ಮನ್ರೋ ಎಫ್151, ಎಲ್ಫಿನ್‌ಸ್ಟನ್ ಎಫ್88, 1863ರಲ್ಲಿ ಭಾರತ ಮಂತ್ರಿಯಾಗಿದ್ದ ಚಾರ್ಲ್ಸ್ ವುಡ್ ಎಫ್78, ಲಾರೆನ್ಸ್ ಎಫ್90, ಕರ್ಜನ್ ಎಫ್111 ಮತ್ತು ಎಫ್112. ಹಲವು ಸಂಗ್ರಹಗಳ ಮೈಕ್ರೊಫಿಲ್ಮ್ ದೆಹಲಿಯಲ್ಲೇ ಇದೆ, ಲಂಡನ್ನಿಗೆ ಹೊರಡುವ ಮುನ್ನ ರಾಷ್ಟ್ರೀಯ ಪತ್ರಾಗಾರದಲ್ಲಿ ವಿಚಾರಿಸಿ. ಯಾವಾಗಲೂ ಇಬ್ಬರ ಪೆಟ್ಟಿಗೆಯನ್ನೂ ನೋಡಬೇಕು. ಬರೆದವನ ಬಳಿ ನಕಲು ಪುಸ್ತಕ ಇರುತ್ತದೆ, ಪಡೆದವನ ಬಳಿ ಮೂಲ. ನಕಲಿನಲ್ಲಿ ಇಲ್ಲದ, ಕೊನೆಗಳಿಗೆಯಲ್ಲಿ ಕೈಯಾರೆ ಸೇರಿಸಿದ ಸಾಲು ಮೂಲದಲ್ಲಿ ಮಾತ್ರ ಸಿಗುತ್ತದೆ.

ಹಂತ 6: ಒಂದೇ ದಿನಸಾಲಿನಲ್ಲಿ ಕೂರಿಸುವುದು

ಒಂದು ಹಾಳೆಯಲ್ಲಿ ಏಳು ಕಲಂ ಎಳೆಯಿರಿ: ಬರೆದ ದಿನ, ತಲುಪಿದ ದಿನ, ಯಾರಿಂದ, ಯಾರಿಗೆ, ಕಾಗದದ ಜಾತಿ, ಒಂದು ಸಾಲಿನ ಸಾರ, ಸಿಕ್ಕ ಜಾಗ. ಸರ್ಕಾರಿ, ಅರೆ ಸರ್ಕಾರಿ, ಷರಾ, ಖಾಸಗಿ ಎಲ್ಲವೂ ಇದೇ ಹಾಳೆಗೆ ಬರಲಿ. ಬೇರೆ ಬೇರೆ ಪಟ್ಟಿ ಮಾಡಿದರೆ ಕೆಲಸ ಕೆಡುತ್ತದೆ.

ತಲುಪಿದ ದಿನದ ಕಲಂ ಖಾಲಿ ಉಳಿದರೆ ಅಂದಾಜು ಹಾಕಬೇಕು. ಆಫ್ರಿಕಾದ ತುದಿಯ ಕೇಪ್ ಸುತ್ತಿ ಬರುವ ಹಾಯಿಹಡಗಿನ ಕಾಲದಲ್ಲಿ ಪತ್ರಕ್ಕೆ ಐದಾರು ತಿಂಗಳು ಹಿಡಿಯುತ್ತಿತ್ತು. 1860ರ ದಶಕದಲ್ಲಿ ಸೂಯೆಜ್ ದಾರಿಯ ಉಗಿಹಡಗಿನಲ್ಲಿ ಕಲ್ಕತ್ತೆಯಿಂದ ಲಂಡನ್ನಿಗೆ ಐದಾರು ವಾರ. 1865ರಲ್ಲಿ ತಂತಿ ಬಂತಾದರೂ ತುರ್ಕಿಯ ದಾರಿಯಲ್ಲಿ ಸಂದೇಶ ತಡವಾಗಿ, ಅಕ್ಷರ ಕೆಟ್ಟು ಬರುತ್ತಿತ್ತು. 1870ರ ಸಮುದ್ರ ತಂತಿಯ ನಂತರವೇ ಅದು ನಂಬುವಂತಾದದ್ದು.

ಇದರಿಂದ ಏನಾಗುತ್ತದೆ ನೋಡಿ. ಕಲ್ಕತ್ತೆಯಲ್ಲಿ ಜೂನ್ 20ಕ್ಕೆ ಬರೆದ ಪತ್ರ, ಲಂಡನ್ನಿನಲ್ಲಿ ಜುಲೈ 3ಕ್ಕೆ ಬರೆದ ಪತ್ರ ಎರಡೂ ಒಂದೇ ವಿಷಯದವು. ತಾರೀಖಿನ ಕ್ರಮದಲ್ಲಿ ಎರಡನೆಯದು ಮೊದಲನೆಯದಕ್ಕೆ ಉತ್ತರದಂತೆ ಕಾಣುತ್ತದೆ. ಆದರೆ ಎರಡೂ ಸಮುದ್ರದಲ್ಲಿ ಎದುರುಬದುರಾಗಿ ಹಾದುಹೋಗಿವೆ. 1865ರ ಜೂನ್ 18ರಂದು ಮೈಸೂರು ಅರಮನೆಯಲ್ಲಿ ದತ್ತು ನಡೆಯಿತು; ಮಾಮೂಲಿ ಟಪಾಲಿನಲ್ಲಿ ಲಂಡನ್ನಿನವರು ಅದರ ಬಗ್ಗೆ ಓದಿ ಬರೆಯಲು ಸಾಧ್ಯವಾಗುವುದು ಜುಲೈ ಕೊನೆಯ ನಂತರ. ತಂತಿಯಲ್ಲಿ ಸುದ್ದಿ ಹೋಗಿರದಿದ್ದರೆ, ಅದಕ್ಕೆ ಮುಂಚಿನ ಲಂಡನ್ ಪತ್ರದಲ್ಲಿ "ದತ್ತು" ಎಂದಿದ್ದರೆ ಅದು ನಡೆದ ದತ್ತಲ್ಲ, ನಡೆಯಬಹುದೆಂದು ಶಂಕಿಸಿದ ದತ್ತು.

ಹಾಳೆ ತುಂಬಿದ ಮೇಲೆ ಭಾರತ ಮಂತ್ರಿ ಅಥವಾ ಗವರ್ನರ್ ಜನರಲ್ ಬದಲಾದ ದಿನಗಳಲ್ಲಿ ಅಡ್ಡಗೆರೆ ಎಳೆಯಿರಿ. ಮೈಸೂರಿನ ಪ್ರಕರಣದಲ್ಲಿ ಗೆರೆ ಬೀಳುವುದು ಗವರ್ನರ್ ಜನರಲ್ ಆಗಿ ಲಾರೆನ್ಸ್ ಬಂದ 1864ರ ಜನವರಿ, ಭಾರತ ಮಂತ್ರಿಗಳಾಗಿ ವುಡ್ ನಂತರ ಡಿ ಗ್ರೇ ಬಂದ 1866ರ ಫೆಬ್ರವರಿ, ಕ್ರಾನ್‌ಬೋರ್ನ್ ಬಂದ 1866ರ ಜುಲೈ, ನಾರ್ತ್‌ಕೋಟ್ ಬಂದ 1867ರ ಮಾರ್ಚ್ ತಿಂಗಳುಗಳಲ್ಲಿ. ಕೊನೆಯ ಗೆರೆಗೂ ಏಪ್ರಿಲ್ 16ರ ಡಿಸ್ಪ್ಯಾಚಿಗೂ ಇರುವ ಅಂತರ ಕೆಲವೇ ವಾರ. ಅಷ್ಟರಲ್ಲಿ ಕಲ್ಕತ್ತೆಗೆ ಟಪಾಲು ಹೋಗಿ ಉತ್ತರ ತರುವಷ್ಟು ಸಮಯವೇ ಇಲ್ಲ. ತೀರ್ಮಾನ ಲಂಡನ್ನಿನದು ಎಂಬುದು ಹೀಗೆ ಹಾಳೆಯ ಮೇಲೆ ಕಣ್ಣಿಗೆ ಕಾಣುತ್ತದೆ.

ಹಂತ 7: ಇಲ್ಲದ ಕಾಗದವನ್ನು ಗುರುತಿಸುವುದು

ಪಾರ್ಲಿಮೆಂಟಿಗೆಂದು ಅಚ್ಚು ಹಾಕಿದ ನೀಲಿ ಪುಸ್ತಕಗಳು ಓದಲು ಸುಲಭ. ಮೈಸೂರಿನ ಪತ್ರವ್ಯವಹಾರವೂ 1866ರಲ್ಲಿ ಹೀಗೆ ಅಚ್ಚಾಯಿತು. ಅವನ್ನು ಸೂಚಿಯಂತೆ ಬಳಸಿ, ಮೂಲದಂತೆ ಬಳಸಬೇಡಿ. ಕಾಬೂಲಿನಿಂದ ಅಲೆಕ್ಸಾಂಡರ್ ಬರ್ನ್ಸ್ ಬರೆದ ಪತ್ರಗಳನ್ನು 1839ರಲ್ಲಿ ಸರ್ಕಾರಕ್ಕೆ ಅನುಕೂಲವಾಗುವಂತೆ ಕತ್ತರಿಸಿ ಅಚ್ಚು ಹಾಕಿದ್ದರು, ಪೂರ್ತಿ ಪಾಠ ಹೊರಬಂದದ್ದು 1859ರಲ್ಲಿ. "ಎಕ್ಸ್‌ಟ್ರಾಕ್ಟ್" ಎಂಬ ಮಾತು, ನಡುವೆ ನಕ್ಷತ್ರದ ಗುರುತು, ಪ್ಯಾರಾ ಸಂಖ್ಯೆಯಲ್ಲಿ ನೆಗೆತ, ಈ ಮೂರರಲ್ಲಿ ಒಂದು ಕಂಡರೂ ಕೈಬರಹದ ಪ್ರತಿಗೆ ಹೋಗಿ.

ಕಡತದ ಪತ್ರಗಳಲ್ಲಿ ಕ್ರಮಾಂಕ ತಪ್ಪಿದ್ದರೆ ಯಾವ ಸಂಖ್ಯೆ ಇಲ್ಲವೆಂದು ಬರೆದಿಡಿ. ಕೆಲವು ಕಾಗದ ಹುಳ ತಿಂದು ಹೋದವು, ಕೆಲವನ್ನು ನಿಯಮದ ಪ್ರಕಾರವೇ ವಿಲೇವಾರಿ ಮಾಡಿದರು. ಸಂಸ್ಥಾನಿಕರ ಖಾಸಗಿ ನಡವಳಿಕೆಯ ಕಡತಗಳನ್ನು 1947ರಲ್ಲಿ ರಾಜಕೀಯ ಇಲಾಖೆ ಬೇಕೆಂದೇ ಸುಟ್ಟಿತು. ಸರ್ಕಾರಿ ಪತ್ರದಲ್ಲಿ "ನನ್ನ ಖಾಸಗಿ ಪತ್ರದಲ್ಲಿ ತಿಳಿಸಿದಂತೆ" ಎಂಬ ಮಾತು ಬಂದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಆ ತಾರೀಖಿನ ಹಿಂದಿನ ಹದಿನೈದು ದಿನವನ್ನು ಇಬ್ಬರ ಸಂಗ್ರಹದಲ್ಲೂ ತಡಕಿ.

ದೇಶಭಾಷೆಯ ಕಾಗದ ಇನ್ನೊಂದು ಕಾಣದ ಪದರ. ರೈತರ ಅರ್ಜಿಯ ಇಂಗ್ಲಿಷ್ ಅನುವಾದ ಕಡತದಲ್ಲಿ ಇರುತ್ತದೆ, ಮೂಲ ಇರುವುದು ಅಪರೂಪ. ಇದ್ದರೆ ಕನ್ನಡದಲ್ಲೋ ಮೋಡಿ ಲಿಪಿಯ ಮರಾಠಿಯಲ್ಲೋ ಇರುತ್ತದೆ. ಕಬ್ಬನ್ ಅವರ ಕಾಲದ ಮೈಸೂರಿನ ಕಚೇರಿಗಳಲ್ಲಿ ಮರಾಠಿಯ ಬಳಕೆಯೂ ಇದ್ದದ್ದರಿಂದ ಮೋಡಿ ಬಲ್ಲವರೊಬ್ಬರ ಸಹಾಯ ಮೊದಲೇ ಗೊತ್ತು ಮಾಡಿಕೊಳ್ಳಿ. ಮೂಲವೂ ಅನುವಾದವೂ ಸಿಕ್ಕರೆ ಎರಡನ್ನೂ ಪೂರ್ತಿ ನಕಲು ಮಾಡಿ. ಅರ್ಜಿಯ "ಪೂರ್ವದಿಂದ ನಡೆದುಬಂದ ಮಾಮೂಲು" ಅನುವಾದದಲ್ಲಿ "ಕ್ಲೇಮ್" ಆಗಿಬಿಟ್ಟಿದ್ದರೆ, ಮೇಲಿನ ಅಧಿಕಾರಿ ತೀರ್ಪು ಕೊಟ್ಟದ್ದು ಅರ್ಜಿಗಲ್ಲ, ಆ ಅನುವಾದಕ್ಕೆ.

ಉಲ್ಲೇಖ ಬರೆಯುವಾಗ ಯಾವ ಪ್ರತಿ ನೋಡಿದಿರೋ ಅದನ್ನೇ ಹೇಳಿ: ಕಳಿಸಿದ ಮೂಲವೋ, ನಕಲು ಪುಸ್ತಕವೋ, ಕರಡೋ, ಅಚ್ಚಾದದ್ದೋ. ಕ್ರಮ ಇದು: ಯಾರಿಂದ ಯಾರಿಗೆ, ತಾರೀಖು, ಪತ್ರದ ಸಂಖ್ಯೆ ಅಥವಾ "ಖಾಸಗಿ" ಎಂಬ ಮಾತು, ಪ್ಯಾರಾ, ಇಲಾಖೆ ಮತ್ತು ಶಾಖೆ, ತಿಂಗಳು ಮತ್ತು ವರ್ಷ, ಕ್ರಮಾಂಕ, ಷರಾ ಆಗಿದ್ದರೆ ಕೆ.ಡಬ್ಲ್ಯೂ., ಕೊನೆಗೆ ಪತ್ರಾಗಾರದ ಹೆಸರು. ಫೋಟೊ ತೆಗೆದುಕೊಳ್ಳಲು ಅನುಮತಿ ಇದ್ದ ಕಡೆ ಮೊದಲ ಚಿತ್ರ ಬೇಡಿಕೆ ಚೀಟಿಯದು, ಎರಡನೆಯದು ಕಡತದ ಮೇಲುಹೊದಿಕೆಯದು, ಒಳಪುಟಗಳು ಆಮೇಲೆ.